ಶಿರಸಿಯ ಜಗ್ಲಿ ಅಂಗಡಿ ಚಕ್ಲಿ ಹಿಟ್ಟು, ನೆದರ್ಲ್ಯಾಂಡ್ಸಲ್ಲಿ ನಮ್ಮ ಚೌತಿ

ಇದು ಚಕ್ಲಿ ಹಿಟ್ಟಿನ ರಿವ್ಯೂ, ಸ್ವಲ್ಪ ಉದ್ದ ಇದೆ. ಶಿರಸಿಲಿ ಬನವಾಸಿ ರೋಡ್ ಬದಿಗೆ ಒಬ್ರು ಅಕ್ಕ ಮನೆ ಜಗ್ಲಿ ಮೇಲೇ ಅಂಗಡಿ ಇಟ್ಕೊಂಡಿದಾರೆ, ಬೋರ್ಡಿಲ್ಲ, ಮ್ಯಾಪಲ್ಲೂ ಸಿಗಲ್ಲ, ಗೊತ್ತಿದ್ದೋರು ಗೊತ್ತಿಲ್ದೋರಿಗೆ ಹೇಳಿ ಹೇಳಿನೇ ನಡೀತಿರೋದು. ನಾನು ಓದಿದ್ದು ಅದೇ ರೋಡಲ್ಲಿರೋ ಫಾರೆಸ್ಟ್ರಿ ಕಾಲೇಜಲ್ಲಿ, ನಾವೆಲ್ಲ ಅವ್ರನ್ನ ಚಕ್ಲಿ ಅಕ್ಕ ಅಂತಿದ್ವಿ. ಹೊರದೇಶಕ್ಕೆ ಓದೋಕೆ ಹೋಗ್ತಿರೋ ನಮ್ಮ ಕಡೆ ಹುಡುಗ್ರು ಹುಡುಗೀರು ಯಾರಾದ್ರೂ ಇದನ್ನ ಓದ್ತಿದ್ರೆ ಅವ್ರಿಗೋಸ್ಕರನೇ ಬರೀತಿದೀನಿ.

ಶಿರಸಿ, ಸಿದ್ದಾಪುರ ಕಡೆ ಚೌತಿ ಅಂದ್ರೆ ಚಕ್ಲಿ ಕಂಬಳ. ಬೇರೆ ಜಿಲ್ಲೆಯವ್ರಿಗೆ ಕಂಬಳ ಅಂದ್ರೆ ಕೋಣ ಓಡ್ಸೋದು, ನಮ್ಮಲ್ಲಿ ಅಕ್ಕಪಕ್ಕದ ಮನೆಯವ್ರೆಲ್ಲ ಸೇರಿ ಚಕ್ಲಿ ಸುತ್ತೋದೂ ಕಂಬಳನೇ. ಹಬ್ಬಕ್ಕೆ ನಾಲ್ಕೈದು ದಿನ ಮುಂಚೆ ಇವತ್ತು ನಿಮ್ಮನೆ ನಾಳೆ ನಮ್ಮನೆ ಅಂತ ಸರದಿ, ಗಂಡಸರೂ ಪಂಚೆ ಕಟ್ಕೊಂಡು ಕೂತ್ಕೊಂಡು ಸುತ್ತಬೇಕು, ಒರಳಲ್ಲಿ ಒತ್ತೋದಲ್ಲ, ಕೈಯಲ್ಲೇ. ಹೆಬ್ಬೆರಳು ಮತ್ತು ಎರಡು ಬೆರಳ ನಡುವೆ ಹಿಟ್ಟನ್ನ ಹುರಿ ಹೊಸೆದ ಹಾಗೆ ತಿರುಚ್ತಾ ತಿರುಚ್ತಾನೇ ಸುತ್ತು ಬಿಡ್ತಾ ಹೋಗ್ಬೇಕು, ಹುರಿ ಎದ್ದು ಕಾಣಬೇಕು, ನಡುವೆ ತುಂಡಾಗಬಾರ್ದು. ಒರಳಿಗೆ ಎಂಥ ಹಿಟ್ಟಾದ್ರೂ ಒಂದು ಲೆಕ್ಕಕ್ಕೆ ನಡೀತದೆ. ಕೈ ಚಕ್ಲಿಗೆ ಹಿಟ್ಟು ಸರಿ ಇಲ್ಲ ಅಂದ್ರೆ ಎರಡನೇ ಸುತ್ತಿಗೇ ಬಿರುಕು ಬಿಡ್ತದೆ. ಅದಕ್ಕೇ ಒಂದು ಹಿಟ್ಟಿಗೆ ಇಷ್ಟೆಲ್ಲ ಬರೀತಿರೋದು.

ನಾನು 2024ರ ಆಗಸ್ಟಲ್ಲಿ ನೆದರ್ಲ್ಯಾಂಡ್ಸಿನ ವಾಗನಿಂಗನ್ನಿಗೆ ಮಾಸ್ಟರ್ಸ್ ಮಾಡೋಕೆ ಬಂದೆ, ಆ ವರ್ಷ ಚೌತಿ ಸೆಪ್ಟೆಂಬರ್ 7, ಶನಿವಾರ. ಕ್ಲಾಸ್ ಶುರುವಾಗಿ ಒಂದು ವಾರನೂ ಆಗಿರ್ಲಿಲ್ಲ. ಇಲ್ಲಿ ಸ್ಟೂಡೆಂಟ್ ಫ್ಲಾಟಲ್ಲಿ ರೂಮು ಒಬ್ಬೊಬ್ರಿಗೆ ಬೇರೆ, ಅಡುಗೆಮನೆ ಮಾತ್ರ ಎಲ್ರಿಗೂ ಒಂದೇ, ಹಾಗಾಗಿ ಪರಿಚಯ ಆಗೋದೂ ಅಲ್ಲೇ, ಯಾರೋ ಈರುಳ್ಳಿ ಹೆಚ್ತಿರ್ತಾರೆ ನಾವು ಅನ್ನಕ್ಕೆ ಇಡ್ತಿರ್ತೀವಿ ಮಾತು ಶುರುವಾಗ್ತದೆ. ನಮ್ಮ ಫ್ಲೋರಲ್ಲಿ ಇಂಡೋನೇಷ್ಯಾದವ್ಳು ಒಬ್ಳು, ಇಥಿಯೋಪಿಯಾದವ್ನು, ಮೆಕ್ಸಿಕೋದವ್ನು, ಒಬ್ಳು ಜರ್ಮನ್ ಹುಡುಗಿ, ಇದೇ ದೇಶದ ಒಬ್ಬ ಡಚ್ ಹುಡುಗ. ಇದಲ್ದೇ ಬೇರೆ ಬಿಲ್ಡಿಂಗಲ್ಲಿ ಕಾರವಾರದ ಒಬ್ಳು ಸಿಕ್ಲು, ಅವಳ ಬಾಯಲ್ಲಿ "ಚವತ್" ಅನ್ನೋದು ಕೇಳಿದ್ದೇ ಕೇಳಿದ್ದು ನಂಗೆ ಕಣ್ಣಲ್ಲಿ ನೀರು ಬಂತು. ಹಬ್ಬ ಮಾಡೋದೇ ಅಂತ ಅವತ್ತೇ ತೀರ್ಮಾನ ಮಾಡಿದ್ವಿ.

ಅಂಗಡಿ ವಿಷಯಕ್ಕೆ ಬರ್ತೀನಿ. ಚಕ್ಲಿ ಅಕ್ಕಂಗೆ ಫೋನ್ ಮಾಡಿ ಎರಡು ಕೇಜಿ ಹಿಟ್ಟು ಬೇಕು, ಅಪ್ಪ ಬಂದು ತಗೊಂಡು ಹೋಗ್ತಾರೆ ಅಂದೆ. ಬೇರೆ ಯಾರಾದ್ರೂ ಆಗಿದ್ರೆ ರೇಟ್ ಹೇಳಿ ಫೋನ್ ಇಡ್ತಿದ್ರು. ಇವ್ರು ಕೇಳಿದ್ದು ನೋಡಿ, ಅಲ್ಲಿ ಎಂತಾ ಎಣ್ಣೆ ಸಿಗ್ತು, ತೆಂಗಿನೆಣ್ಣೆ ಇದ್ದಾ, ಬೆಣ್ಣೆಲಿ ಉಪ್ಪಿದ್ದಾ, ಒಲೆ ಎಂಥದ್ದು, ಸುತ್ತಲೆ ಎಷ್ಟು ಜನ. ಕೊನೇದಕ್ಕೆ ನಾನು ಒಬ್ಳೇ ಸುತ್ತೋದು ಅಂದೆ. "ಒಬ್ಳೇ ಸುತ್ತಲೆ ಹೋಗಡ ಕೂಸೆ, ಎರಡು ಕೇಜಿ ಹಿಟ್ಟಂದ್ರೆ ಕೈ ಸೋತು ಹೋಗ್ತು, ಜನ ಸೇರ್ಸ್ಕ" ಅಂದ್ರು. ಈ ಒಂದು ಮಾತಿಂದ ನಮ್ಮ ಹಬ್ಬನೇ ಬೇರೆ ಆಯ್ತು. ಅಲ್ಲೀವರೆಗೂ ನನ್ನ ತಲೇಲಿದ್ದಿದ್ದು ನಾನು ಮಾಡೋದು ಅವ್ರು ಬಂದು ತಿನ್ನೋದು ಅಷ್ಟೇ.

ಪಾರ್ಸಲ್ ಬಗ್ಗೆ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಇದನ್ನ ನಂಗೆ ಮುಂಚೆ ಯಾರೂ ಹೇಳಿರ್ಲಿಲ್ಲ. ಯುರೋಪಿಗೆ ಹಾಲಿನ ಪದಾರ್ಥ, ಮಾಂಸ ಪೋಸ್ಟಲ್ಲಿ ಕಳಿಸೋ ಹಾಗಿಲ್ಲ, ಹಾಗಾಗಿ ಮನೆ ತುಪ್ಪ ಕಳಿಸೋ ಆಸೆ ಬಿಟ್ಬಿಡಿ, ಇಲ್ಲಿ ಉಪ್ಪಿಲ್ಲದ ಬೆಣ್ಣೆ ಚೆನ್ನಾಗಿದೆ, ಕಾಯಿಸ್ಕೊಂಡ್ರೆ ಆಯ್ತು. ತಾಜಾ ಹಣ್ಣು ಹಂಪಲಿಗೆ ಗಿಡಗಳ ಆರೋಗ್ಯದ ಸರ್ಟಿಫಿಕೇಟ್ ಬೇಕು, ಬೇಡದೇ ಇರೋದು ಐದಕ್ಕೆ ಮಾತ್ರ: ಬಾಳೆ, ತೆಂಗು, ಅನಾನಸ್, ಖರ್ಜೂರ, ದುರಿಯನ್. ಅಪ್ಪ ಫಲಾವಳಿಗೆ, ಅಂದ್ರೆ ಗಣಪನ ಮೇಲೆ ತೂಗು ಹಾಕೋ ಹಣ್ಣು ಕಾಯಿಗೆ ಅಂತ ತೋಟದಿಂದ ಹಸಿ ಅಡಕೆ ಕೊನೆ ಕಳಿಸ್ತೀನಿ ಅಂತ ಹಟ ಹಿಡಿದಿದ್ರು, ಬೇಡ ಅನ್ನೋಷ್ಟರಲ್ಲಿ ಸಾಕಾಯ್ತು. ಇನ್ನೊಂದು, ಅಂಗಡಿಯಿಂದ ನೇರ ಕಳಿಸಿದ್ರೆ ಇಲ್ಲಿ ಟ್ಯಾಕ್ಸ್ ಬೀಳ್ತದೆ. ಮನೆಯವ್ರು ತಮ್ಮ ಹೆಸರಲ್ಲಿ ಗಿಫ್ಟ್ ಅಂತ ಕಳಿಸಿ ಬೆಲೆ 45 ಯೂರೋ ಒಳಗಿದ್ರೆ ಬೀಳಲ್ಲ. ಕಸ್ಟಮ್ಸ್ ಫಾರ್ಮಲ್ಲಿ ಒಳಗಿರೋದನ್ನ ಒಂದೊಂದಾಗಿ ಬರೀಬೇಕು, ಬರೀ ತಿಂಡಿ ಅಂತ ಗೀಚಬೇಡಿ. ಅಪ್ಪ ಪೋಸ್ಟಾಫೀಸಿಂದ ಇಂಟರ್ನ್ಯಾಷನಲ್ ಸ್ಪೀಡ್ ಪೋಸ್ಟ್ ಮಾಡಿದ್ರು, ಎರಡು ವಾರಕ್ಕೆ ಬಂತು. ಒಳಗಿನ ಸಾಮಾನಿಗಿಂತ ಪೋಸ್ಟ್ ಖರ್ಚೇ ಜಾಸ್ತಿ ಆಯ್ತು, ಅದಕ್ಕೆ ಮನಸ್ಸು ಗಟ್ಟಿ ಮಾಡ್ಕೊಳ್ಳಿ.

ಬಾಕ್ಸಲ್ಲಿ ಇದ್ದಿದ್ದು ಎರಡು ಕೇಜಿ ಚಕ್ಲಿ ಹಿಟ್ಟು, ಪಂಚಕಜ್ಜಾಯಕ್ಕೆ ಹುರಿದು ಬೀಸಿದ ಕಡ್ಲೆ, ಒಣಕೊಬ್ಬರಿ, ಬೇರೆ ಪೊಟ್ಟಣದಲ್ಲಿ ಹುರಿದ ಎಳ್ಳು, ಒಂದು ಬಾಟ್ಲಿ ಜೋನಿ ಬೆಲ್ಲ, ಅಪ್ಪೆಮಿಡಿ ಉಪ್ಪಿನಕಾಯಿ, ಗುರೆಳ್ಳು ಚಟ್ನಿಪುಡಿ. ಜೊತೆಗೆ ನೋಟ್‌ಬುಕ್ ಹಾಳೇಲಿ ಅಕ್ಕನ ಕೈಬರಹ, ಒಂದು ಲೋಟ ಹಿಟ್ಟಿಗೆ ಎಷ್ಟು ಬೆಣ್ಣೆ, ನೀರು ಬಿಸಿ ಎಷ್ಟಿರಬೇಕು, ನಾದಿದ ಮೇಲೆ ಒದ್ದೆ ಬಟ್ಟೆ ಮುಚ್ಚಿಡಬೇಕು, ಒಂದು ಸಲಕ್ಕೆ ನಾಲ್ಕು ಚಕ್ಲಿಗಾಗುವಷ್ಟೇ ಹಿಟ್ಟು ತಗೀಬೇಕು, ಹೀಗೆ. ಆ ಹಾಳೆ ಇವತ್ತಿಗೂ ನನ್ನ ಮೇಜಿನ ಎದುರಿಗೆ ಅಂಟ್ಸಿದೀನಿ.

ಹಿಟ್ಟು ಹೇಗಿದೆ ಅಂದ್ರೆ, ಅಕ್ಕಿ ತೊಳೆದು ನೆರಳಲ್ಲಿ ಒಣಗ್ಸಿ, ಉದ್ದು ಕೆಂಪಗೆ ಹುರಿದು ಬೀಸಿದ್ದು, ಪ್ಯಾಕೆಟ್ ಬಿಚ್ಚಿದ ಕೂಡ್ಲೇ ಉದ್ದಿನ ಘಮ ಇಡೀ ಕಾರಿಡಾರಿಗೆ ಹೋಯ್ತು. ನುಣ್ಣಗಿದೆ, ಜರಡಿ ಹಿಡಿಯೋ ಕೆಲ್ಸನೇ ಇಲ್ಲ. ಶುಕ್ರವಾರ ಸಾಯಂಕಾಲ ಕ್ಲಾಸ್ ಮುಗಿಸ್ಕೊಂಡು ಬಂದು ನಾದಿ ಮುಚ್ಚಿಟ್ಟೆ, ಊಟದ ಟೇಬಲ್ ಮೇಲೆ ಬಟ್ಟೆ ಹಾಸಿ ಎಲ್ರನ್ನೂ ಸುತ್ತ ಕೂರ್ಸಿದ್ವಿ. ಕಾರವಾರದವ್ಳಿಗೂ ಕೈ ಚಕ್ಲಿ ಗೊತ್ತಿರ್ಲಿಲ್ಲ, ಅವಳು ಪಾತೋಳಿ, ಅದೇ ಅರಿಶಿನ ಎಲೆ ಕಡುಬು, ಇಲ್ದೆ ಎಂಥ ಚೌತಿ ಅಂತ ಬೇಜಾರಲ್ಲೇ ಕೂತಿದ್ಲು. ಮೊದಲ ಅರ್ಧ ಗಂಟೆ ಎಲ್ರದ್ದೂ ಹಗ್ಗದ ತುಂಡು. ಆಮೇಲೆ ಹಿಟ್ಟು ಕೈಗೆ ಹೊಂದ್ಕೊಳ್ತಾ ಬಂತು, ಮೆಕ್ಸಿಕೋದವ್ನು ಮೂರು ಸುತ್ತು ತಂದ, ಇಂಡೋನೇಷ್ಯಾದವ್ಳ ಬೆರಳಂತೂ ಹುಟ್ಟಿದಾಗಿಂದ ಇದನ್ನೇ ಮಾಡ್ಕೊಂಡು ಬಂದ ಹಾಗೆ. ಅವಳು ಬಾಂಡುಂಗಿನ ಐಟಿಬಿಲಿ ಡಿಗ್ರಿ ಮಾಡಿದ್ದು, ಆ ಯೂನಿವರ್ಸಿಟಿ ಲಾಂಛನನೇ ಗಣಪತಿ! ನಾನು ಗಣಪತಿ ಅಂದ್ರೆ ಯಾರು ಅಂತ ಎಲ್ರಿಗೂ ಹೇಳೋಕೆ ತಯಾರಾಗಿದ್ದೆ, ಅವಳು ತನ್ನ ಹಳೇ ಟೀ ಶರ್ಟ್ ತಂದು ತೋರ್ಸಿದ್ಲು. ಅವ್ರ 1998ರ ಇಪ್ಪತ್ತು ಸಾವಿರ ರುಪಯಾ ನೋಟಲ್ಲೂ ಗಣಪತಿ ಚಿತ್ರ ಇತ್ತಂತೆ, ಆಮೇಲೆ ನೋಡಿದೆ, ನಿಜ.

ಕರಿಯೋದಕ್ಕೆ ಬಾಣಲೆ ಇಲ್ಲ ಅಂತ ತಲೆ ಕೆಡ್ಸ್ಕೊಂಡಿದ್ದಾಗ ಡಚ್ ಹುಡುಗ ಅವ್ರ ಮನೆಯಿಂದ ಕರೆಂಟಿನ ಡೀಪ್ ಫ್ರೈಯರ್ ತಂದ. ಹೊಸ ವರ್ಷಕ್ಕೆ ಇಲ್ಲಿಯವ್ರು ಓಲಿಬೋಲೆನ್ ಅಂತ ಹಿಟ್ಟಿನ ಉಂಡೆ ಎಣ್ಣೇಲಿ ಕರಿತಾರಲ್ಲ, ಅದೇ ಫ್ರೈಯರ್. 170 ಡಿಗ್ರಿಗೆ ಇಟ್ವಿ, ಉರಿ ಹೆಚ್ಚು ಕಮ್ಮಿ ಮಾಡೋ ಕಷ್ಟನೇ ಇಲ್ಲ. ಚಕ್ಲಿ ಗರಿಗರಿ ಬಂತು, ಎಣ್ಣೆ ಕುಡೀಲಿಲ್ಲ, ಡಬ್ಬಿಲಿ ಮೂರು ವಾರ ಇಟ್ಟದ್ದೂ ಮೆತ್ತಗಾಗ್ಲಿಲ್ಲ. ರಾತ್ರಿ ಹನ್ನೊಂದಕ್ಕೆ ಎಣಿಸಿದ್ರೆ ಎಂಬತ್ತಾರು. ಗುರೆಳ್ಳು ಚಟ್ನಿಪುಡಿನ ಇಥಿಯೋಪಿಯಾದವ್ನು ಮೂಸಿ ನೋಡಿದ್ದೇ ಇದು ನಮ್ಮೂರಿನ ನೂಗ್ ಅಂದ, ಅವ್ರಲ್ಲಿ ಅದರ ಎಣ್ಣೆ ತೆಗೀತಾರೆ, ಆಮೇಲೆ ಆ ಡಬ್ಬಿ ಅವನ ಪಾಲಿಗೇ ಹೋಯ್ತು.

ಮಾರನೇ ದಿನ ಬೆಳಿಗ್ಗೆ ಸೈಕಲ್ ತಗೊಂಡು ಲೆಕ್ಸ್ಕೆಸ್ವೇರ್ ದೋಣಿಲಿ ನದಿ ದಾಟಿ ಬೇಟುವೆ ಕಡೆ ಹೋಗಿ ಪಿಯರ್, ಸೇಬು, ಪ್ಲಮ್ ತಂದ್ವಿ, ಅಲ್ಲೆಲ್ಲ ಹಣ್ಣಿನ ತೋಟಗಳೇ. ಸೈಕಲ್ ಜನ ಕಾರು ಎಲ್ಲ ಒಂದೇ ದೋಣಿಲಿ, ಕುಮಟಾ ಹತ್ರ ತದಡಿ ಬಾರ್ಜ್ ನೆನಪಾಯ್ತು. ಅಡಕೆ ಕೊನೆ ಇಲ್ಲ ಅಂತ ದಾರಿ ಬದಿ ಓಕ್ ಮರದ ಹಸಿರು ಕಾಯಿ ಗೊಂಚಲು ಕಿತ್ಕೊಂಡು ಬಂದೆ, ದೂರದಿಂದ ನೋಡಿದ್ರೆ ಎಳೆ ಅಡಕೆ ಥರನೇ. ಪುಸ್ತಕದ ಶೆಲ್ಫಿಂದ ಕೋಲು ಅಡ್ಡ ಕಟ್ಟಿ ಎಲ್ಲ ತೂಗು ಹಾಕಿದ್ವಿ, ನಾನು ಫಲಾವಳಿ ಅಂತ, ಕಾರವಾರದವ್ಳು ಮಾಟೋಳಿ ಅಂತ, ಕೊನೆಗೆ ಎಲ್ರೂ ಎರಡೂ ಹೆಸ್ರು ಕಲಿತ್ರು. ಅರಿಶಿನದ ಗಣಪ ಮಾಡಿದ್ದು ಅಂಗೈಯಷ್ಟು, ವಿಸರ್ಜನೆ ಬಕೆಟಲ್ಲಿ.

ಈಗ ಸರಿ ಇಲ್ಲದ್ದು. ಜೋನಿ ಬೆಲ್ಲದ ಬಾಟ್ಲಿ ಮುಚ್ಚಳ ಸೋರಿ ಅರ್ಧ ಪ್ಲಾಸ್ಟಿಕ್ ಕವರಿಗೇ ಹೋಗಿತ್ತು, ಬೆಲ್ಲ ಅಲ್ವಾ, ಹೊಟ್ಟೆ ಉರೀತು. ಉಪ್ಪು ಮೊದ್ಲೇ ಬೆರೆಸಿ ಕಳಿಸ್ತಾರೆ, ನಂಗೆ ಒಂದು ಚೂರು ಜಾಸ್ತಿ ಅನ್ಸ್ತು. ದೊಡ್ಡ ದೂರು ಏನಂದ್ರೆ ಪ್ಯಾಕೆಟ್ ಮೇಲೆ ಒಳಗೇನಿದೆ ಅಂತ ಬರೆದಿರಲ್ಲ. ಜರ್ಮನ್ ಹುಡುಗಿಗೆ ಎಳ್ಳು ಆಗಲ್ಲ, ಅಲರ್ಜಿ, ತಿಂದ್ರೆ ಆಸ್ಪತ್ರೆನೇ. ಹಿಟ್ಟಲ್ಲಿ ಎಳ್ಳು ಬೆರ್ಸಿದಾರಾ ಇಲ್ವಾ ಅಂತ ಅವತ್ತು ಫೋನ್ ಮಾಡಿ ಕೇಳ್ಬೇಕಾಯ್ತು, ಅಲ್ಲಿ ನಮಗಿಂತ ಮೂರೂವರೆ ಗಂಟೆ ಮುಂದೆ, ಅಕ್ಕ ಮಲಗಿದ್ದೋರು ಎದ್ದು ಮಾತಾಡಿದ್ರು. ಬೆರ್ಸಿಲ್ಲ ಆದ್ರೆ ಎರಡನ್ನೂ ಬೀಸಿದ್ದು ಒಂದೇ ಗಿರಣಿ, ಅದಕ್ಕೆ ಅವಳಿಗೆ ಕೊಡಡ ಅಂತ ಸ್ಪಷ್ಟವಾಗಿ ಹೇಳಿದ್ರು. ಆ ಹುಡುಗಿ ಸುತ್ತೋಕೂ ಕೂರ್ಲಿಲ್ಲ, ಹಣ್ಣು ತಿಂದ್ಕೊಂಡು ಇಡೀ ಸಂಜೆ ಫೋಟೋ ತೆಗೆದ್ಲು, ನಂಗೆ ಅವತ್ತು ತುಂಬಾ ಬೇಜಾರಾಯ್ತು.

2025ರಲ್ಲಿ ಚೌತಿ ಆಗಸ್ಟ್ 27ಕ್ಕೇ ಬಂತು, ಜುಲೈ ಕೊನೇಲೇ ಆರ್ಡರ್ ಹೇಳಿದೆ, ಮೂರು ಕೇಜಿ. ಈ ಸಲ ಪ್ಯಾಕೆಟ್ ಮೇಲೆ ಪೆನ್ನಲ್ಲಿ ಅಕ್ಕಿ, ಉದ್ದು, ಉಪ್ಪು, ಓಮ ಅಂತ ಬರೆದಿತ್ತು, ಬೆಲ್ಲದ ಮುಚ್ಚಳಕ್ಕೆ ಮೇಣ ಹಾಕಿದ್ರು, ಎಳ್ಳು ಆಗದವ್ರಿಗೆ ಅಂತ ಮನೆ ಬೀಸೋ ಕಲ್ಲಲ್ಲೇ ಬೀಸಿದ ಅರ್ಧ ಕೇಜಿ ಬೇರೆ ಚೀಟಿ ಅಂಟ್ಸಿ ಇಟ್ಟಿದ್ರು, ಅದಕ್ಕೆ ದುಡ್ಡೂ ತಗೊಳ್ಲಿಲ್ಲ. ಅದನ್ನ ನಾವು ಹೊಸ ಪಾತ್ರೆ, ಹೊಸ ಎಣ್ಣೇಲಿ ಎಲ್ಲಕ್ಕಿಂತ ಮೊದ್ಲು ಕರಿದ್ವಿ, ಜರ್ಮನ್ ಹುಡುಗಿ ತಾನೇ ಸುತ್ತಿದ್ಲು. ಚೌತಿ ಹಿಟ್ಟು ಬೇಕಿರೋರು ಹಬ್ಬಕ್ಕೆ ಒಂದೂವರೆ ತಿಂಗಳು ಮುಂಚೆ ಹೇಳಿ, ಹಿಂದಿನ ವಾರ ಹೇಳಿದ್ರೆ ಊರಿನ ಮನೆಗಳಿಗೇ ಸಾಲಲ್ಲ.

ಮೊದಲ ವರ್ಷ ಎಂಬತ್ತಾರು ಚಕ್ಲಿದೂ ಟೇಬಲ್ ಮೇಲೆ ಹರಡಿ ಫೋಟೋ ಕಳ್ಸಿದ್ದೆ ಅಕ್ಕಂಗೆ. ಚೆನ್ನಾಗಿದೆ ಅಂತ ಒಂದು ಮಾತು ಬರ್ತದೆ ಅಂದ್ಕೊಂಡಿದ್ದೆ. ಅವ್ರು ಫೋಟೋ ದೊಡ್ಡದು ಮಾಡಿ ಒಂದೊಂದೇ ನೋಡಿದಾರೆ, ರಾತ್ರಿ ವಾಯ್ಸ್ ಮೆಸೇಜ್ ಬಂತು: "ಮೇಲಿನ ಸಾಲಲ್ಲಿ ಎಡದಿಂದ ಮೂರ್ನೇದು ಚೊಲೋ ಆಜು ಕೂಸೆ, ಹುರಿ ಸರೀ ಬಂಜು. ಅದು ಯಾರು ಸುತ್ತಿದ್ದು?" ಇಂಡೋನೇಷ್ಯಾದವ್ಳು ಸುತ್ತಿದ್ದು ಅದು. ಅವಳಿಗೆ ಅರ್ಥ ಹೇಳಿದೆ, ಆಮೇಲೆ ಆ ಮೆಸೇಜ್ ಅವಳು ಮೂರು ಸಲ ಹಾಕ್ಸ್ಕೊಂಡು ಕೇಳಿದ್ಲು.