ಬ್ಲಾಕ್‌ಜಾಕ್: ಮಷಿನ್ ಟೇಬಲ್ಲೋ, ಶೂ ಟೇಬಲ್ಲೋ?

ಕಲಬುರಗಿಯಿಂದ ಗೋವಾ ಕ್ಯಾಸಿನೋಕ್ಕ ಬ್ಲಾಕ್‌ಜಾಕ್ (21 ದಾಟದೆ ಡೀಲರ್‌ನ ಸೋಲಸೋ ಇಸ್ಪೀಟ್ ಆಟ) ಆಡಲಿಕ್ಕಿ ಹೋಗೋರು ಮೊದ್ಲ ಟೇಬಲ್ ನೋಡ್ರಿ. 6 ಇಲ್ಲಾ 8 ಡೆಕ್ (52 ಎಲಿ ಕಟ್ಟು) ತುಂಬಿದ ಶೂ, ಅಂದ್ರ ಎಲಿ ಹಂಚೋ ಡಬ್ಬಿ ಇದ್ರ, ಬಿದ್ದ ಎಲಿ ಮುಂದಿನ ಶಫಲ್ ತನಕ ವಾಪಸ್ ಬರಂಗಿಲ್ಲ, ಅದಕ್ಕ ಎಣಸೋರಿಗಿ ಒಂದೀಟು ದಾರಿ ಅದ, ಎಕ್ಕ-ಹತ್ತು ಜಾಸ್ತಿ ಉಳದಾಗ ಬೆಟ್ ಏರಸಬೋದು (ಕ್ಯಾಸಿನೋದವರಿಗಿ ಗೊತ್ತಾದ್ರ ಎಬ್ಬಸ್ತಾರ, ಆ ಮಾತು ಬ್ಯಾರೆ). ಕಂಟಿನ್ಯೂಯಸ್ ಮಷಿನ್ದಾಗ (ನಿಲ್ಲದೆ ಶಫಲ್ ಮಾಡೋದು) ಆಡಿದ ಎಲಿ ಆಗಿಂದಾಗ ಒಳಗ ತುರುಕ್ತಾರ, ಎಣಿಕಿ ಅಲ್ಲಿಗೇ ಖಲ್ಲಾಸ್. ಮಜಾ ಏನಂದ್ರ, ಎಣಸದೆ ಬರೀ ಬೇಸಿಕ್ ಸ್ಟ್ರಾಟಜಿ (ಯಾವ ಎಲಿಗಿ ಏನ್ ಆಡ್ಬೇಕಂತ ಲೆಕ್ಕ ಹಾಕಿಟ್ಟ ಪಟ್ಟಿ) ಆಡೋರಿಗಿ ಮಷಿನ್ದಾಗ ಹೌಸ್ ಎಡ್ಜ್ (ಬೆಟ್‌ನಾಗ ಕ್ಯಾಸಿನೋಕ್ಕ ಸರಾಸರಿ ಉಳಿಯೋ ಪಾಲು) ಕೂದಲೆಳಿಯಷ್ಟು ಕಮ್ಮೀನೇ, ಆದ್ರ ಶಫಲ್‌ಗಿ ನಿಲ್ಲಂಗಿಲ್ಲ, ತಾಸಿಗಿ ಆಟ ಜಾಸ್ತಿ ಆಗ್ತಾವ, ರೊಕ್ಕನೂ ಬಿರಬಿರ ಹೋಗ್ತದ. ಇದಕ್ಕಿಂತ ದೊಡ್ಡ ಹೊಡತ ಗೆದ್ದಾಗ ಕೊಡೋ ಪೇಔಟ್‌ದು: ಬ್ಲಾಕ್‌ಜಾಕಿಗಿ (ಮೊದಲ ಎರಡೇ ಎಲ್ಯಾಗ ಎಕ್ಕ ಮತ್ತ ಹತ್ತರ ಬೆಲಿ ಎಲಿ ಬರೋದು) 2ಕ್ಕ 3 ಬಿಟ್ಟು 5ಕ್ಕ 6 ಕೊಟ್ರ ಎಡ್ಜ್ ಸುಮಾರು 1.4% ಏರ್ತದ. ಎಣಸಲಿಕ್ಕಿ ಬರ್ಲಿಲ್ಲಂದ್ರ 5ಕ್ಕ 6 ಶೂಕ್ಕಿಂತ 2ಕ್ಕ 3 ಮಷಿನ್ನೇ ಛಲೋ, ಸಣ್ಣ ಬೆಟ್‌ಲೆ.