ಮನೆಮಂದಿಗೆಲ್ಲ ಓಟ್ಸ್: ಯಾವ ಬಗೆ, ಯಾವ ರುಚಿ?

ಓಟ್ಸ್ ಸಪ್ಪೆ ಅನ್ನುವವರ ಪಾತ್ರೆಯಲ್ಲಿ ಸಾಮಾನ್ಯವಾಗಿ ಎರಡು ಕೊರತೆ ಇರುತ್ತದೆ. ಉಪ್ಪು ಬಿದ್ದಿರುವುದಿಲ್ಲ, ಇಲ್ಲವೇ ಬೆಂದು ಬೆಂದು ಅಂಟಾಗಿರುತ್ತದೆ. ನಮ್ಮ ಮನೆಯಲ್ಲಿ ಮಕ್ಕಳಿಗೆ ಸಿಹಿ ಬೇಕು, ಅವರಪ್ಪನಿಗೆ ಖಾರ ಬೇಕು, ನನ್ನ ಅಮ್ಮನಿಗೆ ಕೊಲೆಸ್ಟರಾಲ್ ಕಡೆ ಗಮನ ಬೇಕು. ಎಲ್ಲರಿಗೂ ಒಂದೇ ಧಾನ್ಯ ಹೊಂದುತ್ತದಾ ಅಂತ ಬಗೆಬಗೆಯ ಓಟ್ಸ್ ತಂದು, ಬೇರೆ ಬೇರೆ ರೀತಿಯಲ್ಲಿ ಮಾಡಿ, ಒಂದರ ಪಕ್ಕ ಒಂದು ಇಟ್ಟು ತಿಂದು ನೋಡಿದೆವು. ಹೊಂದುತ್ತದೆ. ಆದರೆ ರುಚಿಯ ಬಗ್ಗೆ ಯೋಚಿಸುವ ಮೊದಲು ಓಟ್ಸ್‌ನ ಬಗೆ ಸರಿಯಾಗಿ ಆರಿಸಿಕೊಳ್ಳಬೇಕು.

ಎಲ್ಲ ಓಟ್ಸೂ ಒಂದೇ ಕಾಳಿನಿಂದ ಬಂದದ್ದು. ಸಿಪ್ಪೆ ತೆಗೆದ ಕಾಳನ್ನು ಎರಡು ಮೂರು ತುಂಡು ಮಾಡಿದರೆ ಸ್ಟೀಲ್ ಕಟ್. ಹಬೆಯಲ್ಲಿ ಮೆತ್ತಗೆ ಮಾಡಿ ಚಪ್ಪಟೆ ಒತ್ತಿದರೆ ರೋಲ್ಡ್. ಅದನ್ನೇ ಇನ್ನೂ ತೆಳ್ಳಗೆ ಒತ್ತಿ ಚೂರು ಮಾಡಿದರೆ ಕ್ವಿಕ್. ಮೊದಲೇ ಬೇಯಿಸಿ ಒಣಗಿಸಿದ್ದು ಇನ್‌ಸ್ಟಂಟ್. ಏನೂ ಬೆರೆಸದಿದ್ದರೆ ಪೋಷಕಾಂಶದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. 40 ಗ್ರಾಂ ಒಣ ಓಟ್ಸ್‌ನಲ್ಲಿ ಸುಮಾರು 150 ಕ್ಯಾಲೊರಿ, 5 ಗ್ರಾಂ ಪ್ರೋಟೀನ್, 4 ಗ್ರಾಂ ನಾರು ಸಿಗುತ್ತದೆ. ವ್ಯತ್ಯಾಸ ಇರುವುದು ಅದು ಎಷ್ಟು ಬೇಗ ಜೀರ್ಣವಾಗುತ್ತದೆ ಅನ್ನುವುದರಲ್ಲಿ. ಸ್ಟೀಲ್ ಕಟ್ ಮತ್ತು ರೋಲ್ಡ್ ಓಟ್ಸ್‌ನ ಗ್ಲೈಸೆಮಿಕ್ ಇಂಡೆಕ್ಸ್ (ತಿಂದದ್ದು ರಕ್ತದ ಸಕ್ಕರೆಯನ್ನು ಎಷ್ಟು ಬೇಗ ಏರಿಸುತ್ತದೆ ಅನ್ನುವ ಅಳತೆ) 55ರ ಆಸುಪಾಸಿನಲ್ಲಿದ್ದರೆ, ಇನ್‌ಸ್ಟಂಟ್ ಓಟ್ಸ್‌ನದ್ದು 70 ದಾಟುತ್ತದೆ. ನಮ್ಮಲ್ಲಿ ಇದು ಹೊಟ್ಟೆಗೇ ಗೊತ್ತಾಯಿತು. ಇನ್‌ಸ್ಟಂಟ್ ತಿಂದ ದಿನ ಮಕ್ಕಳು ಹೊತ್ತಿಗೆ ಮುಂಚೆಯೇ ಹಸಿವು ಅನ್ನುತ್ತಿದ್ದರು.

ಸ್ಟೀಲ್ ಕಟ್‌ಗೆ ಒಂದು ಪಾಲಿಗೆ ಮೂರರಿಂದ ನಾಲ್ಕು ಪಾಲು ನೀರು ಬೇಕು. ಬೇಯಲು 25–30 ನಿಮಿಷ. ಅಗಿಯುವಾಗ ಕಾಳು ಕಾಳಾಗಿ ಸಿಗುತ್ತದೆ, ಅದೇ ಅದರ ಸೊಗಸು. ದೊಡ್ಡವರಿಗೆ ತುಂಬ ಹಿಡಿಸಿತು. ಚಿಕ್ಕ ಮಗನಿಗೆ ಅಷ್ಟು ಅಗಿಯುವುದು ಬೇಡವಾಯಿತು. ಗಡಿಬಿಡಿಯ ಬೆಳಗ್ಗೆ ಇದು ಆಗದ ಕೆಲಸ. ಬಿಡುವಿದ್ದಾಗ ಜಾಸ್ತಿ ಬೇಯಿಸಿ, ಆರಿದ ಕೂಡಲೇ ಫ್ರಿಜ್‌ನಲ್ಲಿಟ್ಟರೆ ಮೂರು ನಾಲ್ಕು ದಿನ ಚೆನ್ನಾಗಿರುತ್ತದೆ. ಬಿಸಿ ಮಾಡುವಾಗ ಸ್ವಲ್ಪ ಹಾಲು ಹಾಕಿ ಸಡಿಲಿಸಿಕೊಂಡರಾಯಿತು.

ದಿನನಿತ್ಯಕ್ಕೆ ನನ್ನ ಆಯ್ಕೆ ರೋಲ್ಡ್ ಓಟ್ಸ್. ಇದರಲ್ಲಿ ಎರಡು ದಾರಿ ಇದೆ, ಎರಡರ ಫಲವೂ ಬೇರೆ. ತಣ್ಣೀರಿಗೇ ಓಟ್ಸ್ ಹಾಕಿ ಒಟ್ಟಿಗೆ ಕುದಿಸಿದರೆ ಹಿಟ್ಟಿನಂಶ ನಿಧಾನವಾಗಿ ಬಿಟ್ಟುಕೊಂಡು ಕೆನೆಯಂತೆ ನುಣ್ಣಗಾಗುತ್ತದೆ. ಕುದಿಯುವ ನೀರಿಗೆ ಹಾಕಿದರೆ ಎಸಳು ಬಿಡಿಬಿಡಿಯಾಗಿ ಉಳಿಯುತ್ತದೆ. ಸಿಹಿಗೆ ಮೊದಲನೆಯದು ಚೆನ್ನ, ಖಾರಕ್ಕೆ ಎರಡನೆಯದು. ಒಂದು ಕಪ್ ಓಟ್ಸ್‌ಗೆ ಎರಡು ಕಪ್ ದ್ರವ, ಐದಾರು ನಿಮಿಷ ಸಾಕು. ಅರ್ಧ ನೀರು, ಅರ್ಧ ಹಾಲು ನನಗೆ ಒಪ್ಪಿದ ಅಳತೆ. ಪೂರ್ತಿ ಹಾಲಾದರೆ ತಳ ಹಿಡಿಯುತ್ತದೆ, ಭಾರವೂ ಆಗುತ್ತದೆ. ಇನ್ನೂ ಸ್ವಲ್ಪ ತೆಳುವಾಗಿರುವಾಗಲೇ ಒಲೆ ಆರಿಸಿ, ಏಕೆಂದರೆ ಆರುತ್ತಾ ಅದು ಗಟ್ಟಿಯಾಗುತ್ತದೆ. ಬೇಯಿಸುವ ಮೊದಲು ಚೂರು ಬೆಣ್ಣೆಯಲ್ಲಿ ಎರಡು ಮೂರು ನಿಮಿಷ ಹುರಿದು ನೋಡಿ. ಹುರಿದದ್ದನ್ನೂ ಹುರಿಯದ್ದನ್ನೂ ಪಕ್ಕಪಕ್ಕ ಇಟ್ಟಾಗ ಮನೆಯಲ್ಲಿ ಎಲ್ಲರೂ ಹುರಿದದ್ದನ್ನೇ ಆರಿಸಿದರು. ಸಿಹಿ ಮಾಡುವಾಗಲೂ ಚಿಟಿಕೆ ಉಪ್ಪು ಬಿಡಬೇಡಿ.

ರುಚಿ ಬೆರೆಸಿದ ಪೊಟ್ಟಣಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅನೇಕ ಪೊಟ್ಟಣಗಳಲ್ಲಿ ಒಂದು ಸಲದ ಅಳತೆಗೇ 8ರಿಂದ 12 ಗ್ರಾಂ ಸಕ್ಕರೆ ಸೇರಿರುತ್ತದೆ, ಅಂದರೆ ಎರಡು ಮೂರು ಚಮಚ. ಪೊಟ್ಟಣದ ಹಿಂದಿನ ಪಟ್ಟಿ ಓದಿ, ಹಣ್ಣಿಗಿಂತ ಮೊದಲು ಸಕ್ಕರೆಯ ಹೆಸರಿದ್ದರೆ ಬಿಟ್ಟುಬಿಡಿ. ಸಮಯವೇ ಇಲ್ಲ ಅನ್ನುವವರಿಗೆ ಏನೂ ಬೆರೆಸದ ಕ್ವಿಕ್ ಓಟ್ಸ್ ಒಂದೆರಡು ನಿಮಿಷದಲ್ಲಿ ಆಗುತ್ತದೆ, ಅದು ಎಷ್ಟೋ ವಾಸಿ.

ಒಲೆಯ ಓಟ್ಸ್‌ಗೆ ನಿಜವಾದ ಪೋಟಿ ಕೊಟ್ಟದ್ದು ರಾತ್ರಿ ನೆನೆಸಿಡುವ ಓಟ್ಸ್. ಸ್ವಿಟ್ಜರ್ಲೆಂಡಿನ ವೈದ್ಯ ಬಿರ್ಷರ್ ಬೆನ್ನರ್ 1900ರ ಹೊತ್ತಿಗೆ ತಮ್ಮ ರೋಗಿಗಳಿಗೆ ಕೊಡುತ್ತಿದ್ದ ಮ್ಯೂಸ್ಲಿಯೂ ಹೀಗೆಯೇ. ನೆನೆಸಿದ ಓಟ್ಸ್, ಅದಕ್ಕೆ ತುರಿದ ಸೇಬು, ನಿಂಬೆರಸ, ಬೀಜಗಳು. ನಾನು ಮಾಡುವುದು ಇಷ್ಟು: ಅರ್ಧ ಕಪ್ ರೋಲ್ಡ್ ಓಟ್ಸ್, ಅರ್ಧ ಕಪ್ ಹಾಲು, ಕಾಲು ಕಪ್ ಮೊಸರು, ಒಂದು ಚಮಚ ಚಿಯಾ ಬೀಜ. ಮೊಸರಿನ ಹುಳಿ ಓಟ್ಸ್‌ಗೆ ಬೇಕಾದ ಜೀವ ತುಂಬುತ್ತದೆ. ಮಗಳಿಗೆ ಇದೇ ಅಚ್ಚುಮೆಚ್ಚು. ತನ್ನ ಡಬ್ಬಿ ತಾನೇ ತುಂಬಿಟ್ಟು ಮಲಗುತ್ತಾಳೆ. ಅಮ್ಮನಿಗೆ ಮಾತ್ರ ಬೆಳಗ್ಗೆ ತಣ್ಣಗಿನದ್ದು ಸೇರಲಿಲ್ಲ. ಬಿಸಿ ಮಾಡಿಕೊಟ್ಟರೂ ಒಲೆಯದ್ದರ ಹದ ಬರಲಿಲ್ಲ. ಇದಕ್ಕೆ ಇನ್‌ಸ್ಟಂಟ್ ಬಳಸಿದರೆ ಬೆಳಗಾಗುವಷ್ಟರಲ್ಲಿ ಅಂಬಲಿಯಾಗಿರುತ್ತದೆ, ಸ್ಟೀಲ್ ಕಟ್ ಬಳಸಿದರೆ ಗಟ್ಟಿ ಉಳಿಯುತ್ತದೆ.

ಈಗ ರುಚಿಗೆ ಬರೋಣ. ಸೇಬು ಮತ್ತು ದಾಲ್ಚಿನ್ನಿ ಎಲ್ಲರಿಗೂ ಗೊತ್ತಿರುವ ಜೋಡಿ. ಸೇಬನ್ನು ಹೆಚ್ಚಿ ಮೇಲೆ ಉದುರಿಸಿದ್ದಕ್ಕೂ, ತುರಿದು ಜೊತೆಗೇ ಬೇಯಿಸಿದ್ದಕ್ಕೂ ಅಜಗಜಾಂತರ. ತುರಿದದ್ದು ಓಟ್ಸ್‌ನೊಳಗೆ ಕರಗಿ, ಸಕ್ಕರೆ ಇಲ್ಲದೆ ಸಿಹಿ ಕೊಡುತ್ತದೆ. ಬಾಳೆಹಣ್ಣಿಗೂ ಇದೇ ಮಾತು. ಚೆನ್ನಾಗಿ ಕಳಿತ ಹಣ್ಣನ್ನು ಕಿವುಚಿ ಕೊನೆಯ ಒಂದು ನಿಮಿಷದಲ್ಲಿ ಹಾಕಿ ಜೋರಾಗಿ ಕಲಕಿದರೆ ಓಟ್ಸ್ ಹಗುರವಾಗಿ ಉಬ್ಬುತ್ತದೆ. ಅದರ ಮೇಲೆ ಒಂದು ದೊಡ್ಡ ಚಮಚ ಪೀನಟ್ ಬಟರ್ ಹಾಕಿದರೆ ಸುಮಾರು 4 ಗ್ರಾಂ ಪ್ರೋಟೀನ್ ಸೇರುತ್ತದೆ, ಹೊಟ್ಟೆಯೂ ಹೆಚ್ಚು ಹೊತ್ತು ತುಂಬಿರುತ್ತದೆ. ಮಕ್ಕಳ ಬಟ್ಟಲು ಪೂರ್ತಿ ಖಾಲಿಯಾದದ್ದು ಬಾಳೆಹಣ್ಣಿನ ಜೊತೆ ಒಂದು ಚಮಚ ಸಿಹಿಯಿಲ್ಲದ ಕೋಕೋ ಪುಡಿ ಬೆರೆಸಿದ ದಿನ. ಕೋಕೋವನ್ನು ಮೊದಲು ಸ್ವಲ್ಪ ಬಿಸಿ ಹಾಲಿನಲ್ಲಿ ಕಲಸಿಕೊಳ್ಳಿ, ಗಂಟು ಕಟ್ಟುವುದಿಲ್ಲ. ಖರ್ಜೂರ ಹಾಕಿದ್ದೂ ರುಚಿಯೇ, ಆದರೆ ಸಿಹಿ ಜಾಸ್ತಿ. ಒಂದೆರಡು ಸಾಕು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲೆ ನಿಂತದ್ದು ಖಾರದ ಓಟ್ಸ್. ಓಟ್ಸ್ ಅಂದರೆ ಸಿಹಿಯೇ ಅಂತ ಯಾಕೆ ಅಂದುಕೊಳ್ಳಬೇಕು, ಅಲ್ವಾ? ಬೆಳ್ಳುಳ್ಳಿ, ಅಣಬೆಯನ್ನು ದೊಡ್ಡ ಉರಿಯಲ್ಲಿ ಕೆಂಪಗೆ ಹುರಿದು, ಪಾಲಕ್ ಸೊಪ್ಪು ಬಾಡಿಸಿ, ತರಕಾರಿ ಬೇಯಿಸಿದ ನೀರಿನಲ್ಲಿ ಬೆಂದ ಓಟ್ಸ್‌ಗೆ ಸೇರಿಸಿ. ಮೇಲೆ ಒಂದು ಮೊಟ್ಟೆ, ಧಾರಾಳ ಕಾಳುಮೆಣಸು. ಮೊಟ್ಟೆ ತಿನ್ನದವರಿಗೆ ತುರಿದ ಚೀಸ್ ಮತ್ತು ಹುರಿದ ಬಾದಾಮಿ. ಇದಕ್ಕೆ ಸ್ಟೀಲ್ ಕಟ್ ಅತ್ಯುತ್ತಮ. ಅಣಬೆಯನ್ನು ಓಟ್ಸ್ ಜೊತೆಗೇ ಬೇಯಿಸಬೇಡಿ, ನೀರು ಬಿಟ್ಟು ಎರಡರ ರುಚಿಯೂ ಕೆಡುತ್ತದೆ. ಮಕ್ಕಳ ಅಪ್ಪ ಈಗ ಬೇರೆ ಯಾವ ಓಟ್ಸೂ ಕೇಳುವುದಿಲ್ಲ.

ಅಮ್ಮನ ವಿಷಯ. ಓಟ್ಸ್‌ನಲ್ಲಿರುವ ಬೀಟಾ ಗ್ಲೂಕನ್ ಎಂಬ ಕರಗುವ ನಾರು ಕರುಳಿನಲ್ಲಿ ಅಂಟಂಟಾಗಿ ಪಿತ್ತಾಮ್ಲವನ್ನು ಹಿಡಿದುಕೊಂಡು ಹೊರಗೆ ಒಯ್ಯುತ್ತದೆ. ಹೊಸ ಪಿತ್ತ ಮಾಡಲು ಯಕೃತ್ತು ರಕ್ತದಲ್ಲಿನ ಕೊಲೆಸ್ಟರಾಲ್ ಬಳಸಿಕೊಳ್ಳುತ್ತದೆ. ದಿನಕ್ಕೆ 3 ಗ್ರಾಂ ಸಿಕ್ಕರೆ ಪ್ರಯೋಜನ ಇದೆ ಅನ್ನುವುದರ ಮೇಲೆ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1997ರಲ್ಲೇ ಓಟ್ಸ್ ಪೊಟ್ಟಣಗಳ ಮೇಲೆ ಆ ಮಾತು ಬರೆಯಲು ಒಪ್ಪಿಗೆ ಕೊಟ್ಟಿತು. 40 ಗ್ರಾಂ ಓಟ್ಸ್‌ನಲ್ಲಿ ಸಿಗುವುದು ಅದರ ಅರ್ಧದಷ್ಟು. ಹಾಗಾಗಿ ಅಮ್ಮನ ಬಟ್ಟಲು ಸ್ವಲ್ಪ ದೊಡ್ಡದು, ಅದರಲ್ಲಿ ಸೇಬು, ವಾಲ್‌ನಟ್ ಇರುತ್ತದೆ, ಬೆಣ್ಣೆ ಇರುವುದಿಲ್ಲ. ವೈದ್ಯರು ಕೊಟ್ಟ ಮಾತ್ರೆ ಹಾಗೇ ಮುಂದುವರಿಯುತ್ತದೆ.

ಓವನ್‌ನಲ್ಲಿ ಮಾಡುವ ಓಟ್ಸ್ ಕೂಡ ಇದೆ. ಎರಡು ಕಪ್ ರೋಲ್ಡ್ ಓಟ್ಸ್, ಎರಡು ಕಿವುಚಿದ ಬಾಳೆಹಣ್ಣು, ಎರಡು ಮೊಟ್ಟೆ, ಒಂದೂವರೆ ಕಪ್ ಹಾಲು, ಒಂದು ಚಮಚ ಬೇಕಿಂಗ್ ಪೌಡರ್. 180 ಡಿಗ್ರಿಯಲ್ಲಿ ಅರ್ಧ ಗಂಟೆ ಬಿಟ್ಟರೆ ಕತ್ತರಿಸಿ ಕೈಯಲ್ಲಿ ಹಿಡಿದು ತಿನ್ನಬಹುದು. ಒಲೆಯದ್ದರಷ್ಟು ರುಚಿ ಅಂತ ನಾನು ಹೇಳಲಾರೆ. ಆದರೆ ತುಂಡು ಮಾಡಿ ಫ್ರೀಜರ್‌ಗೆ ಹಾಕಿಟ್ಟರೆ, ಕೂತು ತಿನ್ನಲು ಪುರುಸೊತ್ತಿಲ್ಲದ ದಿನ ಕೈಗೆ ಸಿಗುತ್ತದೆ.

ಮನೆಯಲ್ಲಿ ಒಂದು ವರ್ಷ ತುಂಬದ ಮಗುವಿದ್ದರೆ ಅದರ ಬಟ್ಟಲಿಗೆ ಜೇನು ಬೇಡವೇ ಬೇಡ. ಪುಟ್ಟ ಮಕ್ಕಳಿಗೆ ಇಡೀ ಬೀಜದ ಬದಲು ನುಣ್ಣಗೆ ಅರೆದದ್ದನ್ನು ತೆಳ್ಳಗೆ ಕಲಸಿ ಕೊಡಿ, ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವಿಲ್ಲ. ಸೀಲಿಯಾಕ್ ಕಾಯಿಲೆ (ಗೋಧಿ, ಬಾರ್ಲಿಯಲ್ಲಿರುವ ಗ್ಲೂಟನ್ ಎಂಬ ಪ್ರೋಟೀನ್ ಕರುಳಿಗೆ ಆಗದಿರುವುದು) ಇರುವವರು ಗ್ಲೂಟನ್ ರಹಿತ ಅಂತ ಬರೆದಿರುವ ಓಟ್ಸ್ ಮಾತ್ರ ಕೊಳ್ಳಬೇಕು. ಗೋಧಿ, ಬಾರ್ಲಿ ಬೆಳೆಯುವಲ್ಲಿ, ಸಂಸ್ಕರಿಸುವಲ್ಲಿ ಸಾಮಾನ್ಯ ಓಟ್ಸ್‌ಗೆ ಅವು ಬೆರೆತಿರುತ್ತವೆ. ಕೆಲವರಿಗೆ ಗ್ಲೂಟನ್ ಇಲ್ಲದ ಓಟ್ಸ್ ಕೂಡ ಒಗ್ಗುವುದಿಲ್ಲ, ಅಂಥವರು ವೈದ್ಯರನ್ನು ಕೇಳಿಯೇ ಶುರು ಮಾಡಲಿ.