ಐಎಇಎ ಲೈವ್‌ಚಾರ್ಟ್: ನ್ಯೂಕ್ಲಿಯಸ್‌ಗಳ ನಕ್ಷೆ ಬಳಸಿ ನೋಡಿದರೆ

ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಈ ಜಾಲತಾಣ ಉಚಿತ, ಲಾಗಿನ್ ಬೇಡ. ಅಡ್ಡಸಾಲಿನಲ್ಲಿ ನ್ಯೂಟ್ರಾನ್, ಮೇಲ್ಮುಖವಾಗಿ ಪ್ರೋಟಾನ್. ಚೌಕವೊಂದನ್ನು ಒತ್ತಿದರೆ ಅರ್ಧಾಯು, ಕ್ಷಯದ ಬಗೆ, ಬಂಧಕ ಶಕ್ತಿ (ನ್ಯೂಕ್ಲಿಯಸ್ಸನ್ನು ಬಿಡಿಬಿಡಿ ಮಾಡಲು ಬೇಕಾದ ಶಕ್ತಿ) ಎಲ್ಲವೂ ಸಿಗುತ್ತವೆ.

ಅತ್ಯಂತ ಬಿಗಿಯಾದ ನ್ಯೂಕ್ಲಿಯಸ್ ಕಬ್ಬಿಣ-56 ಎಂದು ಪಾಠ ಮಾಡುವವರು ಮೊದಲು ಇಲ್ಲಿ ನಿಕ್ಕಲ್-62 ತೆರೆಯಲಿ. ನ್ಯೂಕ್ಲಿಯಾನ್‌ಗೆ (ಪ್ರೋಟಾನ್ ಅಥವಾ ನ್ಯೂಟ್ರಾನ್ ಒಂದಕ್ಕೆ) ಬರುವ ಬಂಧಕ ಶಕ್ತಿ ಕಬ್ಬಿಣ-56ರದ್ದು ಸುಮಾರು 8790.4 ಕಿಲೋ ಎಲೆಕ್ಟ್ರಾನ್‌ವೋಲ್ಟ್, ನಿಕ್ಕಲ್-62ರದ್ದು 8794.6. ಕಬ್ಬಿಣ-58 ಕೂಡ ನಡುವೆ ನುಸುಳುತ್ತದೆ. ಕಬ್ಬಿಣ-56 ಗೆಲ್ಲುವುದು ನ್ಯೂಕ್ಲಿಯಾನ್‌ಗೆ ಬರುವ ದ್ರವ್ಯರಾಶಿ ಅತಿ ಕಡಿಮೆ ಇರುವುದರಲ್ಲಿ: ಅದರಲ್ಲಿ ನ್ಯೂಟ್ರಾನ್‌ಗಿಂತ ಹಗುರವಾದ ಪ್ರೋಟಾನ್‌ಗಳ ಪಾಲು ಹೆಚ್ಚು.

ಎಡವುವ ಜಾಗ ಇನ್ನೊಂದಿದೆ. ಕ್ಯೂ-ಮೌಲ್ಯಗಳನ್ನು (ಕ್ಷಯದಲ್ಲಿ ಬಿಡುಗಡೆಯಾಗುವ ಶಕ್ತಿ) ನ್ಯೂಕ್ಲಿಯಸ್‌ನಿಂದಲ್ಲ, ಇಡೀ ಪರಮಾಣುವಿನ ದ್ರವ್ಯರಾಶಿಯಿಂದ ಲೆಕ್ಕ ಹಾಕಿರುತ್ತಾರೆ. ಪೊಟ್ಯಾಸಿಯಂ-40ರ ಎಲೆಕ್ಟ್ರಾನ್ ಸೆರೆಯ (ನ್ಯೂಕ್ಲಿಯಸ್ ತನ್ನದೇ ಪರಮಾಣುವಿನ ಎಲೆಕ್ಟ್ರಾನ್ ನುಂಗುವ ಕ್ಷಯ) ಕ್ಯೂ 1504 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಎಂದು ಕಂಡರೆ ಅದನ್ನೇ ಪಾಸಿಟ್ರಾನ್‌ನ (ಧನ ವಿದ್ಯುದಂಶದ ಎಲೆಕ್ಟ್ರಾನ್) ಗರಿಷ್ಠ ಶಕ್ತಿ ಎಂದು ಬರೆಯಬೇಡಿ. ಎರಡು ಎಲೆಕ್ಟ್ರಾನ್‌ಗಳ ದ್ರವ್ಯರಾಶಿಗೆ ಸಮನಾದ 1022 ಕಳೆಯಿರಿ, ಉಳಿಯುವುದು 482.

ದತ್ತಾಂಶವನ್ನು ಸಿಎಸ್‌ವಿಯಾಗಿ (ಅಲ್ಪವಿರಾಮದಿಂದ ಬೇರ್ಪಟ್ಟ ಕೋಷ್ಟಕ ಕಡತ) ಇಳಿಸಿಕೊಳ್ಳುವ ಎಪಿಐ, ಅಂದರೆ ಪ್ರೋಗ್ರಾಂ ಮೂಲಕ ಮಾಹಿತಿ ಕೇಳುವ ದಾರಿ, ನಿಜಕ್ಕೂ ಬೆಲೆಬಾಳುವ ಭಾಗ. ಪೈಥಾನ್‌ನಿಂದ ಕರೆಯುವಾಗ ಯೂಸರ್-ಏಜೆಂಟ್ ಹೆಡರ್ (ಕೇಳುತ್ತಿರುವ ಪ್ರೋಗ್ರಾಂ ಯಾವುದೆಂದು ಹೇಳುವ ಸಾಲು) ಸೇರಿಸಿ, ಇಲ್ಲವಾದರೆ ಪ್ರವೇಶ ನಿರಾಕರಿಸುವ 403 ದೋಷ ಬರಬಹುದು. ಬಂಧಕ ಶಕ್ತಿಯ ಕಾಲಂ ನ್ಯೂಕ್ಲಿಯಾನ್ ಒಂದಕ್ಕೆ. ಒಟ್ಟು ಬೇಕಿದ್ದರೆ ದ್ರವ್ಯರಾಶಿ ಸಂಖ್ಯೆಯಿಂದ ಗುಣಿಸಬೇಕು. ಕಬ್ಬಿಣ-56ಕ್ಕೆ ಸುಮಾರು 492 ಮೆಗಾ ಎಲೆಕ್ಟ್ರಾನ್‌ವೋಲ್ಟ್ ಬಂದರೆ ಲೆಕ್ಕ ಸರಿ. ನಕ್ಷೆಯ ಅಂಚಿನ ನ್ಯೂಕ್ಲಿಯಸ್‌ಗಳಲ್ಲಿ ಎಷ್ಟೋ ಮೌಲ್ಯಗಳು ಅಳತೆಯಲ್ಲ, ನೆರೆಯವುಗಳಿಂದ ಎಳೆದ ಅಂದಾಜು. ಗ್ರಾಫ್ ಎಳೆಯುವ ಮುನ್ನ ಅವನ್ನು ಬೇರ್ಪಡಿಸಿ.

ಸಣ್ಣ ಪರದೆಯಲ್ಲಿ ನಕ್ಷೆ ಕಿರಿಕಿರಿ. ಫೋನಿಗೆ ಇದೇ ಸಂಸ್ಥೆಯ ಐಸೊಟೋಪ್ ಬ್ರೌಸರ್ ಆ್ಯಪ್ ಮೇಲು, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ.